ನೀಲಿ ಗುರುತು

ನಮ್ಮನೆಯವರು ಹೋಗಿ ವರ್ಷವಾಯ್ತು. ವರ್ಷದ ಕಾರ್ಯಕ್ಕೆ ಮಗಳು ನೀಲಾಂಬಿಕಾ ಕಾರ್ಡು ಅಚ್ಚು ಹಾಕಿಸಿದ್ದಾಳೆ. ಕಾರ್ಡಿನ ಮೇಲೆ ಅವರ ಫೋಟೋ. ಅಂಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ, ತಲೆ ಬಲಕ್ಕೆ ವಾಲಿದೆ. ಕೆಳಗೆ ಬರೆಸಿದ್ದಾಳೆ: ‘ಶಿವಧ್ಯಾನದಲ್ಲಿ ಸದಾ ತಲೆಬಾಗಿದ ಶರಣಜೀವಿ ಶ್ರೀ ಚನ್ನವೀರಪ್ಪ ಮೇಸ್ತ್ರಿಯವರು.’

ಓದಿದವರೆಲ್ಲ ಎಷ್ಟು ಚೆನ್ನಾಗಿದೆ ಅಂದರು. ನಾನು ಕಾರ್ಡು ಮಗುಚಿಟ್ಟೆ. ಅದು ಧ್ಯಾನವಲ್ಲ. ಅವರ ಕಣ್ಣೊಳಗೆ ಕೂರಿಸಿದ ಲೆನ್ಸು ವಾರೆಯಾಗಿತ್ತು. ಅದಕ್ಕೆ ತಲೆ ವಾರೆ. ಅದು ಹೇಗೆ ವಾರೆಯಾಯ್ತು ಅಂತ ಮಗಳಿಗೂ ಗೊತ್ತಿಲ್ಲ. ನಾವು ಹೇಳಲಿಲ್ಲ. ಈಗ ಬರೆಯುತ್ತೇನೆ. ಅವಳು ಓದಲಿ, ಕಾರ್ಡು ಓದಿದವರೂ ಓದಲಿ.

ಇವರದು ರಾಣೆಬೆನ್ನೂರು ಕಡೆ. ಮದುವೆಯಾದ ವರ್ಷವೇ ನನ್ನನ್ನು ಬೆಂಗಳೂರಿಗೆ ಕರಕೊಂಡು ಬಂದರು. ಆಗ ವಿಜಯನಗರದಲ್ಲಿ ಮನೆಗಳು ಏಳುತ್ತಿದ್ದವು. ಇವರು ಗಾರೆ ಕೆಲಸಕ್ಕೆ ಸೇರಿದರು. ಮೊದಲು ಇಟ್ಟಿಗೆ ಹೊತ್ತರು, ಆಮೇಲೆ ಕಟ್ಟಿದರು, ಹತ್ತು ವರ್ಷಕ್ಕೆ ಮೇಸ್ತ್ರಿಯಾದರು. ಅತ್ತಿಗುಪ್ಪೆಯಿಂದ ಬಸವೇಶ್ವರನಗರದವರೆಗೆ ಇವರು ಕಟ್ಟಿದ ಗೋಡೆಗಳು ನಿಂತಿವೆ. ನಾವು ಇದ್ದದ್ದು ಗೋವಿಂದರಾಜನಗರದಲ್ಲಿ, ಬಾಡಿಗೆ ಮನೆ. ಅದರ ಅಡುಗೆಮನೆ ಗೋಡೆ ವಾರೆ. ಇವರು ದಿನಾ ಊಟಕ್ಕೆ ಕೂತಾಗ ಅದನ್ನು ನೋಡಿ ಬೈಯೋರು.

“ಯಾವ ಪುಣ್ಯಾತ್ಮ ಕಟ್ಟಿದನೋ. ತುತ್ತು ಇಳಿಯಲ್ಲ ಇದನ್ನ ನೋಡಿದ್ರೆ.”

“ಗೋಡೆ ಕಡೆ ಬೆನ್ನು ಮಾಡಿ ಕೂತ್ಕೊಳ್ರಿ” ಅನ್ನುತ್ತಿದ್ದೆ.

“ಬೆನ್ನಿಗೂ ಗೊತ್ತಾಗ್ತದೆ ಕಣೇ.”

ದಾರಕ್ಕೆ ಕಟ್ಟಿದ ಒಂದು ತೂಕದ ಗುಂಡು ಇವರ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಹಿತ್ತಾಳೆಯದು. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವುದು ಅದರಲ್ಲೇ. ನೆಟ್ಟಗಿದ್ದರೆ ‘ತೂಕಕ್ಕಿದೆ’ ಅನ್ನೋರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನನ್ನ ಅಡುಗೆಗೂ ಅದೇ. “ಸಾರು ತೂಕಕ್ಕಿದೆ ಪಾರವ್ವ.” ಅಡ್ಡ ಮಟ್ಟ ನೋಡಲು ಗಾಜಿನೊಳಗೆ ಗುಳ್ಳೆ ಓಡುವ ರಸಮಟ್ಟ. ಟೈಲ್ಸ್ ಹಾಕುವಾಗ ದಾರಕ್ಕೆ ನೀಲಿ ಪುಡಿ ಸವರಿ, ಎಳೆದು ಹಿಡಿದು, ನಡುವೆ ಮೀಟಿ ಬಿಡೋರು. ಗೋಡೆ ಮೇಲೆ ನೀಲಿ ಗೆರೆ ಬೀಳುತ್ತಿತ್ತು. ಆ ಗೆರೆ ಹಿಡಿದೇ ಕೆಲಸ. ಯಾರಾದರೂ ಕೈ ತಾಗಿಸಿ ಅಳಿಸಿದರೆ ಮುಗೀತು.

“ಗುರುತು ಅಳಿಸಿದ ಮೇಲೆ ಅಂದಾಜಿಗೆ ಕೆಲಸ ಮಾಡೋನು ಮೇಸ್ತ್ರಿ ಅಲ್ಲಲೇ, ಕಳ್ಳ.”

ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ.

ಇನ್ನೊಂದು ಅವರ ಪೂಜೆ. ನಮ್ಮಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಬಿಡುವುದಿಲ್ಲ. ಎಷ್ಟೋ ಮನೆಗಳಲ್ಲಿ ಈಗ ಬಿಡುತ್ತಾರೆ. ಇವರು ಬಿಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಮುಂದೆ ದೀಪ ಇಟ್ಟು, ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳೋರು. ನೀರು, ವಿಭೂತಿ, ಪತ್ರೆ. ಆಮೇಲೆ ರೆಪ್ಪೆ ಹೊಡೆಯದೆ ನೋಡುತ್ತಾ ಕೂರೋರು. ಲಿಂಗ ಕಪ್ಪಗೆ ಹೊಳೆಯುತ್ತದೆ. ಅದರ ಮೇಲೆ ದೀಪದ ಬೆಳಕು ಬೀಳುತ್ತದೆ. ಆ ಬೆಳಕಿನ ಮೇಲೆ ಕಣ್ಣು. ಮುಗಿದ ಮೇಲೆ ಲಿಂಗವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಅಂಗೈಯ ನೀರನ್ನು ಕಣ್ಣಿಗೆ ಹಚ್ಚಿಕೊಂಡು, ಉಳಿದದ್ದನ್ನು ಕುಡಿಯೋರು. ಹನ್ನೆರಡನೇ ವಯಸ್ಸಿನಿಂದ ಒಂದು ದಿನ ತಪ್ಪಿಲ್ಲ. ಜ್ವರದಲ್ಲೂ ತಪ್ಪಿಲ್ಲ.

ಎರಡು ಸಾವಿರದ ಏಳನೇ ಇಸವಿ. ಇವರಿಗೆ ಐವತ್ತೆಂಟು. ಕಣ್ಣು ಮಂಜಾಯ್ತು. ಮೊದಲು ಕಂಡುಹಿಡಿದದ್ದು ಫಕೀರೇಶ. ಇವರ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವನು, ಶಿರಹಟ್ಟಿ ಕಡೆಯವನು. ಇವರಿಗಿಂತ ಎರಡು ವರ್ಷ ಚಿಕ್ಕವನು. ಬೆಂಗಳೂರಿಗೆ ಬಂದು ಇಷ್ಟು ವರ್ಷವಾದರೂ ಊರ ಮಾತು ಬಿಟ್ಟಿಲ್ಲ. ನನ್ನನ್ನು ಅತ್ತಿಗೆ ಅನ್ನದೆ ವೈನಿ ಅನ್ನುತ್ತಾನೆ.

ಒಂದು ಸಂಜೆ ಮನೆಗೆ ಬಂದು ಹೇಳಿದ, “ವೈನಿ, ಮೇಸ್ತ್ರಿಗೆ ಕಣ್ಣು ತೋರಸ್ರಿ. ರಸಮಟ್ಟದಾಗ ಗುಳ್ಳಿ ಎಡಕ ಓಡೈತಿ, ಇವ್ರು ನಡುವ ಐತಿ ಅಂತಾರ. ಮಾಲೀಕ್ರು ನನ್ನ ಮಾರಿ ನೋಡ್ತಾರ, ನಾ ಮುಗಿಲು ನೋಡ್ತೀನಿ.”

“ನಿನ್ನ ಮುಖ ನೋಡೋದಕ್ಕಿಂತ ಮಂಜೇ ವಾಸಿ” ಅಂದರು ಇವರು.

ಆದರೂ ಹೋದೆವು. ನೀಲಾಂಬಿಕಾ ಕರಕೊಂಡು ಹೋದಳು. ಅವಳು ಹೆಗ್ಗನಹಳ್ಳಿಗೆ ಕೊಟ್ಟವಳು, ಗಾರ್ಮೆಂಟ್ಸ್‌ಗೆ ರಜೆ ಹಾಕಿ ಬಂದಿದ್ದಳು. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಡಾಕ್ಟರು ನಲವತ್ತರೊಳಗಿನವರು. ಒರಟು ಮಾತಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಬಲಗಣ್ಣು ಮಾಡೋಣ ಅಂದರು. ಮತ್ತೆ ಕತ್ತಲೆ ಮಾಡಿ ದೂರದಲ್ಲಿ ಒಂದು ಸಣ್ಣ ದೀಪ ತೋರಿಸಿದರು.

“ಹೇಗೆ ಕಾಣ್ತಿದೆ ಮೇಸ್ತ್ರಿ?”

“ದೀಪ ಹೆಂಗಿರ್ತದೋ ಹಂಗೇ. ನಿಂತ ಗೆರೆ.”

“ಗೆರೆನಾ? ಚುಕ್ಕಿ ಅಲ್ವಾ?”

“ಚುಕ್ಕಿ ಯಾಕೆ ಕಾಣ್ತದೆ ಸಾರ್? ಬೆಳಕು ಯಾವಾಗ್ಲೂ ಗೆರೆನೇ ಅಲ್ವಾ?”

ಡಾಕ್ಟರು ಹೇಳಿದರು. ಇವರ ಕರಿಗುಡ್ಡೆಯ ಮೇಲಿನ ಪದರ ಚೆಂಡಿನ ಹಾಗೆ ಗುಂಡಗಿಲ್ಲ, ಮೊಟ್ಟೆಯ ಹಾಗಿದೆ. ಹುಟ್ಟಿನಿಂದ ಇದ್ದಿರಬೇಕು. ಅದಕ್ಕೆ ಚುಕ್ಕಿ ಎಳೆದು ಗೆರೆಯಾಗಿ ಕಾಣುತ್ತದೆ. ಎಲ್ಲರಿಗೂ ಹಾಗೆ ಕಾಣುವುದಿಲ್ಲ.

ಇವರು ಮನೆಗೆ ಬಂದು ಕೈಕಾಲು ತೊಳೆದು ದೀಪ ಹಚ್ಚಿ ಲಿಂಗ ತೆಗೆದರು.

“ಪಾರವ್ವ, ಇಲ್ಲಿ ಬಾ. ನಿಂಗೆ ಹೆಂಗೆ ಕಾಣ್ತದೆ ಇದರ ಮೇಲೆ ಬೆಳಕು?”

ಬಗ್ಗಿ ನೋಡಿದೆ. “ಸಾಸಿವೆ ಕಾಳಿನಷ್ಟು ಕಾಣ್ತದೆ.”

“ಗುಂಡಗಾ?”

“ಗುಂಡಗೆ.”

“ಯಾವಾಗ್ಲೂ ಗುಂಡಗೇನಾ?”

“ಹೂಂ ರೀ. ನನ್ನ ಲಿಂಗದ ಮೇಲೂ ಹಾಗೇ. ಇನ್ನು ಹೇಗೆ ಕಾಣ್ತದೆ?”

ಅವರು ಲಿಂಗ ಮುಚ್ಚಿಟ್ಟರು. “ನಲವತ್ತಾರು ವರ್ಷ ನಾನು ಗೆರೆ ನೋಡ್ಕೊಂಡು ಕೂತಿದ್ದೀನಿ ಕಣೇ. ಚುಕ್ಕಿ ಮೇಲೆ ಮನಸ್ಸು ನಿಲ್ಸು ಅಂತ ಗುರುಗಳು ಹೇಳಿದ್ರು. ಎಲ್ಲಿ ಚುಕ್ಕಿ ಅಂತ ಕೇಳೋಕೆ ಹೆದರಿ ಸುಮ್ಮನಿದ್ದೆ. ಭಕ್ತಿ ಸಾಲದು, ಒಂದಿನ ಕಾಣ್ತದೆ ಅಂದ್ಕೊಂಡೆ.”

ಗಂಡಸರು ಅಳುವುದು ನಮ್ಮ ಕಡೆ ಕಡಿಮೆ. ಅಳಲಿಲ್ಲ. ಆದರೆ ಅವತ್ತು ಅಡುಗೆಮನೆ ಗೋಡೆಗೆ ಬೈಯಲಿಲ್ಲ.

ಮುಂದಿನ ಸಲ ಡಾಕ್ಟರು ಇನ್ನೊಂದು ಹೇಳಿದರು. ಪೊರೆ ತೆಗೆದು ಮಾಮೂಲಿ ಲೆನ್ಸ್ ಹಾಕಿದರೆ ಮಂಜು ಹೋಗುತ್ತದೆ, ಗೆರೆ ಹೋಗುವುದಿಲ್ಲ. ಗೆರೆ ತಿದ್ದಲು ಹೊಸ ಲೆನ್ಸ್ ಬಂದಿದೆ. ಟೋರಿಕ್ ಅಂತ. ಅದು ದುಬಾರಿ.

“ಅದನ್ನ ಹೆಂಗೆ ಬೇಕಾದ್ರೂ ಕೂರಿಸೋ ಹಾಗಿಲ್ಲ ಮೇಸ್ತ್ರಿ. ಒಂದೇ ದಿಕ್ಕು. ಸ್ವಲ್ಪ ತಿರುಗಿದ್ರೂ ಪ್ರಯೋಜನ ಕಡಿಮೆ ಆಗುತ್ತೆ. ಜಾಸ್ತಿ ತಿರುಗಿದ್ರೆ ಹಾಕಿದ್ದೇ ದಂಡ.”

“ತೂಕಕ್ಕೆ ಕೂರಿಸ್ಬೇಕು ಅನ್ನಿ.”

“ಹಾಗೇ ಅನ್ಕೊಳಿ. ಅದಕ್ಕೆ ಮೊದಲೇ ನಿಮ್ಮನ್ನ ಕೂರಿಸಿ ಕಣ್ಣಿನ ಮೇಲೆ ಗುರುತು ಹಾಕ್ತೀವಿ. ಮಲಗಿದ್ರೆ ಕಣ್ಣು ಗೂಡಿನಲ್ಲಿ ಸ್ವಲ್ಪ ತಿರುಗುತ್ತೆ. ಆಮೇಲೆ ಹಾಕಿದ್ರೆ ಸುಳ್ಳು ಗುರುತು.”

ಇವರು ನನ್ನ ಕಡೆ ತಿರುಗಿ, “ನೋಡ್ದ್ಯಾ, ನಮ್ಮ ಕೆಲಸಾನೇ ಇವರೂ ಮಾಡ್ತಾರೆ” ಅಂದರು. ಅಷ್ಟು ಖುಷಿ.

ಮಗಳು ಹೊರಗೆ ಬಂದು, “ಅಪ್ಪಾ, ಮಾಮೂಲಿ ಲೆನ್ಸ್ ಸಾಲ್ದಾ? ಎಲ್ರೂ ಅದನ್ನೇ ಹಾಕಿಸ್ಕೋತಾರೆ” ಅಂದಳು.

“ಸಾಯೋದ್ರೊಳಗೆ ಒಂದ್ಸಲ ಚುಕ್ಕಿ ನೋಡ್ಬೇಕು ಮಗಳೇ. ಬೇರೆ ಏನೂ ಕೇಳಲ್ಲ ನಿಮ್ಮನ್ನ.”

ನಿಜ. ಬೇರೆ ಏನೂ ಕೇಳಿದವರಲ್ಲ.

ಆಪರೇಷನ್ ಆಗಸ್ಟಿನಲ್ಲಿ, ಗುರುವಾರ. ಬೆಳಿಗ್ಗೆ ಆರೂವರೆಗೆ ಬರಬೇಕು, ತಲೆಗೆ ಸ್ನಾನ ಮಾಡಿ ಬರಬೇಕು, ಹಣೆಗೆ ಏನೂ ಹಚ್ಚಬಾರದು ಅಂತ ಚೀಟಿಯಲ್ಲಿ ಬರೆದಿತ್ತು. ವಿಭೂತಿ ಹಚ್ಚದೆ ಪೂಜೆ ಹೇಗೆ? ಒಂಬತ್ತಕ್ಕೆಲ್ಲ ಮುಗಿಯುತ್ತದೆ, ಬಂದು ಮಾಡಿಕೊಳ್ಳುತ್ತೇನೆ ಅಂದರು. ನಾನು ಪೂಜೆಯ ಸಾಮಾನು ಚೀಲದಲ್ಲಿ ಇಟ್ಟುಕೊಂಡೆ. ನೀರಿನ ಬಾಟ್ಲಿ, ವಿಭೂತಿ ಗಟ್ಟಿ, ಲಿಂಗ ಒರೆಸುವ ಬಿಳಿ ಬಟ್ಟೆ. ಯಾಕೆ ಇಟ್ಟುಕೊಂಡೆನೋ. ಇಟ್ಟುಕೊಳ್ಳದಿದ್ದರೆ ಈ ಕಥೆಯೇ ಇಲ್ಲ.

ಎಂಟಕ್ಕೆ ಇವರನ್ನು ಒಳಗೆ ಕರೆದು ಒಬ್ಬ ಹುಡುಗಿ ಡಾಕ್ಟರು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಕಣ್ಣಿಗೆ ಗುರುತು ಹಾಕಿದರು. ಮುಗಿಸಿ ಮತ್ತೆ ಹೊರಗೆ ಬೆಂಚಿಗೆ ಕಳಿಸಿದರು. ಬಂದವರೇ ರೆಪ್ಪೆ ಅಗಲಿಸಿ ತೋರಿಸಿದರು.

“ನೋಡೇ ಪಾರವ್ವ, ನನ್ನ ಕಣ್ಣಿಗೇ ನೀಲಿ ದಾರ ಹೊಡೆದಿದಾರೆ!”

ಕರಿಗುಡ್ಡೆಯ ಅಂಚಿನಲ್ಲಿ ಆಚೆಗೊಂದು ಈಚೆಗೊಂದು, ಇರುವೆ ಕಾಲಿನಷ್ಟು ನೀಲಿ ಗುರುತು. ಸಿಸ್ಟರು ಬಂದು ಹನಿ ಹಾಕಿ, “ಅಂಕಲ್, ಕಣ್ಣು ಮುಟ್ಕೋಬೇಡಿ, ಆಯ್ತಾ?” ಅಂದಳು. ಹೂಂ ಅಂದರು.

ಒಂಬತ್ತಾಯ್ತು. ಹತ್ತಾಯ್ತು. ಒಳಗೆ ಮೊದಲು ಹೋದವರದು ತಡವಾಗಿತ್ತು. ಹತ್ತೂವರೆಗೆ ಸಿಸ್ಟರು ಮಾತ್ರೆ ತಂದು ನುಂಗಿ ಅಂದಳು.

“ಪೂಜೆ ಆಗಿಲ್ಲ ತಾಯಿ. ನೀರು ಬಾಯಿಗೆ ಬಿಡೋ ಹಾಗಿಲ್ಲ.”

“ಅಂಕಲ್, ಮಾತ್ರೆ ತಗೊಳ್ದಿದ್ರೆ ಒಳಗೆ ಕಳ್ಸಲ್ಲ. ನಿಮ್ಮ ನಂಬರ್ ನೆಕ್ಸ್ಟು.”

“ಐದು ನಿಮಿಷ ಕೊಡು. ಇಲ್ಲೇ ಮಾಡ್ಕೋತೀನಿ.”

“ಬೇಗ ಮಾಡ್ಕೊಳಿ” ಅಂತ ಹೋದಳು.

ಮಗಳು ಕೆಳಗೆ ದುಡ್ಡು ಕಟ್ಟಲು ಹೋಗಿದ್ದಳು. ಇವರು ಬೆಂಚಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಲಿಂಗ ತೆಗೆದು ಅಂಗೈಯಲ್ಲಿ ಇಟ್ಟರು. ಬಾಟ್ಲಿ ನನ್ನ ಕೈಯಲ್ಲಿತ್ತು. ನೀರು ಹಾಕಿದ್ದು ನಾನು. ಅದನ್ನು ಮುಚ್ಚಿಡುವುದಿಲ್ಲ. ಅವರು ತಮ್ಮ ಹಣೆ ಬಿಟ್ಟು ಲಿಂಗಕ್ಕೆ ಮಾತ್ರ ವಿಭೂತಿ ಹಚ್ಚಿದರು. ಸ್ವಲ್ಪ ಹೊತ್ತು ನೋಡಿದರು. ಒದ್ದೆ ಲಿಂಗ ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡರು. ಅಂಗೈಯ ನೀರಲ್ಲಿ ಬೆರಳು ಅದ್ದಿ ಎರಡೂ ಕಣ್ಣಿಗೆ ಹಚ್ಚಿಕೊಂಡರು. ಉಳಿದದ್ದನ್ನು ಕುಡಿದರು. ಬಿಳಿ ಬಟ್ಟೆಯಿಂದ ಲಿಂಗ ಒರೆಸಿದರು. ಅದೇ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು.

ಕೈ ತಾನಾಗಿ ಮಾಡಿತು. ನಲವತ್ತಾರು ವರ್ಷ ಮಾಡಿದ ಕೈ. ಮರಗಟ್ಟುವ ಹನಿ ಹಾಕಿದ್ದರಿಂದ ಕಣ್ಣಿಗೆ ತಾಗಿದ್ದೂ ತಿಳಿಯಲಿಲ್ಲ. ಮಾತ್ರೆ ನುಂಗಿದರು. ಸಿಸ್ಟರು ಕರೆದಳು. ಹೋದರು.

ಬಟ್ಟೆ ನನ್ನ ಕೈಗೆ ಬಂತು. ಅದರ ಮೇಲೆ ನೀಲಿ ಕಲೆ.

ನೋಡಿದೆ. ಏನು ಅಂತ ಅರ್ಥವಾಯ್ತು. ನಾನು ಮೇಸ್ತ್ರಿಯ ಹೆಂಡತಿ. ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಓಡಿ ಹೋಗಿ ಹೇಳಿದ್ದರೆ ಮತ್ತೆ ಕೂರಿಸಿ ಗುರುತು ಹಾಕುತ್ತಿದ್ದರು. ಎರಡು ನಿಮಿಷದ ಕೆಲಸ. ನಾನು ಹೇಳಲಿಲ್ಲ. ಮುಟ್ಕೋಬೇಡಿ ಅಂತ ಹೇಳಿದ್ವಲ್ಲ, ಓದು ಬರಹ ಇಲ್ಲದವರು ಅಂತ ಬೈತಾರೆ ಅಂದುಕೊಂಡೆ. ಮಗಳ ವಯಸ್ಸಿನ ಆ ಸಿಸ್ಟರಿಗೆ ಹೆದರಿದೆ. ಬಟ್ಟೆ ಮಡಿಚಿ ಚೀಲದ ಅಡಿಗೆ ಹಾಕಿದೆ. ಅಷ್ಟು ಚೂರು ಬಣ್ಣ ಹೋದರೆ ಏನಾಗುತ್ತದೆ, ಡಾಕ್ಟರಿಗೆ ಗೊತ್ತಾಗಲ್ವಾ ಅಂತ ಸಮಾಧಾನ ಮಾಡಿಕೊಂಡೆ.

ಮಾರನೇ ದಿನ ಪಟ್ಟಿ ಬಿಚ್ಚಿದರು. ಸಂಜೆ ಮನೆಯಲ್ಲಿ ದೀಪ ಹಚ್ಚಿ ಕೂತರು. ಕಣ್ಣಿಗೆ ನೀರು ತಾಗಿಸಬಾರದು ಅಂತ ನೀರಿಲ್ಲದ ಪೂಜೆ. ನಾನು ಬಾಗಿಲಲ್ಲಿ ನಿಂತಿದ್ದೆ. ನೋಡಿದರು. ಬಹಳ ಹೊತ್ತು ನೋಡಿದರು. ಕೈ ಹತ್ತಿರ ತಂದರು, ದೂರ ಒಯ್ದರು. ಮೆಲ್ಲಗೆ ತಲೆ ಬಲಕ್ಕೆ ವಾಲಿತು. ಅಲ್ಲಿ ನಿಂತಿತು.

“ಚುಕ್ಕಿ ಕಾಣ್ತಾ ರೀ?”

“ಕಾಣ್ತು.”

“ಗುಂಡಗಾ?”

“ಕಾಣ್ತು ಅಂದ್ನಲ್ಲ. ಹೋಗು, ಊಟಕ್ಕೆ ಇಡು.”

ನನಗೆ ಸುಳ್ಳು ಅಂತ ತಿಳಿಯಿತು. ನಾನೂ ಸುಮ್ಮನೆ ಊಟಕ್ಕೆ ಇಟ್ಟೆ.

ವಾರ ಬಿಟ್ಟು ತೋರಿಸಲು ಹೋದೆವು. ಡಾಕ್ಟರು ಮಷೀನಿನಲ್ಲಿ ನೋಡಿ ಹುಬ್ಬು ಗಂಟು ಹಾಕಿದರು. “ಗೆರೆ ಪವರ್ ಉಳ್ಕೊಂಡಿದೆ ಮೇಸ್ತ್ರಿ. ನಿಮಗೆ ಹೇಗೆ ಕಾಣ್ತಿದೆ? ತೊಂದ್ರೆ ಇದ್ರೆ ಹೇಳಿ. ಈಗಾದ್ರೆ ಲೆನ್ಸ್ ಒಳಗೇ ಸ್ವಲ್ಪ ತಿರುಗಿಸಿ ಸರಿ ಮಾಡ್ಬಹುದು. ತಡ ಆದ್ರೆ ಅಂಟ್ಕೊಂಡ್ಬಿಡುತ್ತೆ.”

“ಏನೂ ತೊಂದ್ರೆ ಇಲ್ಲ ಸಾರ್. ಚೆನ್ನಾಗಿ ಕಾಣ್ತದೆ.”

“ಗ್ಯಾರಂಟಿ?”

“ಗ್ಯಾರಂಟಿ ಸಾರ್.”

ಡಾಕ್ಟರ ಮುಖ ಹಗುರವಾಯಿತು. ಅದನ್ನು ನಾನು ನೋಡಿದೆ. ಚೀಟಿಯಲ್ಲಿ ಏನೋ ಬರೆದು, ಮುಂದಿನವರನ್ನು ಕರೀರಿ ಅಂದರು.

ಮಂಜು ಹೋಗಿತ್ತು, ಅದು ಸುಳ್ಳಲ್ಲ. ಬಸ್ಸಿನ ಬೋರ್ಡು ಓದುತ್ತಿದ್ದರು. ನನ್ನ ತಲೆಯ ಬಿಳಿ ಕೂದಲು ಎಣಿಸಿದರು. ಆದರೆ ಕೆಲಸ ಕೆಟ್ಟಿತು. ಬಸವೇಶ್ವರನಗರದಲ್ಲಿ ಬಸವರಾಜೇಶ್ವರಿ ಅಂತ ರಿಟೈರ್ಡ್ ಟೀಚರ ಮನೆ. ಬಚ್ಚಲಿಗೆ ಟೈಲ್ಸ್ ಹಾಕಿದರು. ಆ ಅಮ್ಮ ಬಂದು ನೋಡಿ ಹೇಳಿದರಂತೆ, “ಮೇಸ್ತ್ರಿ, ಸ್ನಾನ ಮಾಡುವಾಗ ನಾನು ಯಾವ ಕಡೆ ವಾಲಿಕೊಂಡು ನಿಲ್ಲಬೇಕು ಅಂತ ಹೇಳಿಬಿಡಿ.” ಇವರು ಹಾಕಿದ್ದನ್ನೆಲ್ಲ ಕಿತ್ತು ಮೂರು ದಿನ ಮತ್ತೆ ಹಾಕಿದರು. ಗೆರೆ ನೋಡಿದ್ದು ಫಕೀರೇಶ, ಟೈಲ್ಸ್ ಇಟ್ಟದ್ದು ಇವರು. ಆಮೇಲೆ ಟೈಲ್ಸ್ ಕೆಲಸ ಒಪ್ಪಿಕೊಳ್ಳಲಿಲ್ಲ. ಗುಂಡು ಇಳಿಬಿಟ್ಟು ಗೋಡೆ ಕಟ್ಟುವುದಷ್ಟೇ. ಅದಕ್ಕೂ ತಲೆ ವಾರೆ ಮಾಡಿ ದಾರ ನೋಡೋರು.

“ಏನ್ರಿ ಮೇಸ್ತ್ರಿ, ಮದುಮಗಳಂಗ ತಲಿ ವಾರಿ ಮಾಡೀರಿ? ನಾಚಿಕಿ ಬರಾಕತ್ತೈತೇನು ನನ್ನ ನೋಡಿ?” ಅಂತ ಫಕೀರೇಶ ಛೇಡಿಸುತ್ತಿದ್ದ.

“ನಿನ್ನ ನೋಡಿದ್ರೆ ವಾಂತಿ ಬರ್ತದೆ, ನಾಚಿಕೆ ಅಲ್ಲ.”

ಬೀದಿಯವರು ಬೇರೆ. ಬಾಗಿಲಿಂದ ಇವರ ಪೂಜೆ ನೋಡಿ, “ಮೇಸ್ತ್ರಿಗಳು ಈಗೀಗ ಲಿಂಗದಲ್ಲೇ ಮುಳುಗಿಹೋಗ್ತಾರೆ, ಕತ್ತು ನಿಲ್ಲಲ್ಲ” ಅನ್ನುತ್ತಿದ್ದರು. ಕೇಳಿ ಇವರು ಹಲ್ಲು ಕಚ್ಚುತ್ತಿದ್ದರು.

ಸಂಕ್ರಾಂತಿಗೆ ಮನೆ ತೊಳೆಯುತ್ತಿದ್ದೆ. ಆ ಬಿಳಿ ಬಟ್ಟೆ ಐದು ತಿಂಗಳಿಂದ ಟ್ರಂಕಿನ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಸೋಪು ಹಾಕಿ ಉಜ್ಜಿದೆ. ಕಲೆ ಹೋಗಲಿಲ್ಲ. ಇವರು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಅದನ್ನ ಯಾಕೆ ಉಜ್ಜುತೀಯ?”

ಕೈ ನಿಂತಿತು.

“ನಂಗೆ ಗೊತ್ತು ಕಣೇ. ಅವತ್ತು ಮಲಗಿಸಿದಾಗ ಎಚ್ಚರ ಇದ್ದೆ. ಡಾಕ್ಟರು ಕೇಳಿದ್ರು, ಮಾರ್ಕ್ ಒಂದು ಕಡೆ ಇಲ್ವಲ್ಲ, ಇನ್ನೊಂದೂ ಹರಡಿದೆ ಅಂತ. ಆ ಹುಡುಗಿ, ಹಾಕಿದ್ದೆ ಸಾರ್ ಅಂದ್ಳು. ಮತ್ತೆ ಎಬ್ಬಿಸಿ ಕೂರಿಸೋದಾ ಅಂತ ಡಾಕ್ಟರು ಯೋಚ್ನೆ ಮಾಡಿದ್ರು. ಇನ್ನೂ ಆರು ಜನ ಕಾಯ್ತಿದಾರೆ, ಇಲ್ಲೇ ಬರ್ತದೆ ಬಿಡಿ ಅಂದ್ರು. ಆಗ ಗೊತ್ತಾಯ್ತು ನನಗೆ, ನಾನು ಏನು ಮಾಡಿದೆ ಅಂತ.”

“ಆಗಲೇ ಬಾಯಿ ಬಿಡಬಾರದಿತ್ತಾ?”

“ಏನಂತ ಬಿಡ್ಲಿ? ಲಿಂಗ ಒತ್ಕೊಂಡು ಗುರುತು ಅಳಿಸ್ಕೊಂಡೆ ಅಂತ ಆ ಹತ್ತು ಜನರ ಎದುರು ಹೇಳ್ಲಾ? ಪೂಜೆ ಮಾಡಿ ಕಣ್ಣು ಕಳ್ಕೊಂಡ ಅಂತ ನಗಲ್ವಾ? ನನ್ನ ನೋಡಿ ನಗಲಿ ಬಿಡು. ಲಿಂಗ ನೋಡಿ ನಗ್ತಾರಲ್ಲ.”

“ವಾರಕ್ಕೆ ಹೋದಾಗ ತಿರುಗಿಸ್ತೀನಿ ಅಂದ್ರಲ್ಲ. ಆಗಲಾದ್ರೂ?”

“ಯಾಕೆ ತಿರುಗಿದೆ ಅಂತ ಕೇಳ್ತಿದ್ರು.”

ನನಗೆ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಬಾರದ ಸಿಟ್ಟು. “ಗುರುತು ಅಳಿಸಿದ ಮೇಲೆ ಅಂದಾಜಿಗೆ ಕೆಲಸ ಮಾಡೋನು ಕಳ್ಳ ಅಂತಿದ್ರಲ್ಲ. ಡಾಕ್ಟರು ಅಂದ್ರೆ ಮಾತ್ರ ಬಾಯಿ ಬರಲಿಲ್ವಾ ನಿಮಗೆ?”

ಅವರಿಗೂ ಬಂತು. ಸಿಟ್ಟು ಬಂದರೆ ಮಾತ್ರ ಅವರ ಬಾಯಲ್ಲಿ ಊರ ಮಾತು. “ನಿನಗ ಬಾಯಿ ಇದ್ದಿಲ್ಲೇನ? ಕಲಿ ಬಿದ್ದ ಅರಿವಿ ನಿನ್ನ ಕೈಯಾಗ ಇತ್ತು! ಬಾಗಲದಾಗ ನಿಂತಿದ್ದಿ! ಮಡಿಚಿ ಇಟ್ಟಾಕಿ ನೀನು!”

ಬಚ್ಚಲಲ್ಲಿ ನೀರು ಹರಿಯುತ್ತಿತ್ತು. ನಾನು ನಲ್ಲಿ ನಿಲ್ಲಿಸಿದೆ.

ಮೂರನೇ ದಿನ ಅವರೇ ಪೂಜೆ ಮುಗಿಸಿ ಬಂದು ಕೂತರು.

“ಮೊದಲು ಗೆರೆ ನೆಟ್ಟಗೆ ನಿಂತಿರ್ತಿತ್ತು ಪಾರವ್ವ. ಹಣತೆ ಕುಡಿ ಹಾಗೆ. ಮಂಜಾದ್ರೂ ನೆಟ್ಟಗಿತ್ತು. ಈಗ ಸ್ವಚ್ಛವಾಗಿದೆ, ವಾರೆ ಬಿದ್ದಿದೆ. ಮೇಲಿನ ತುದಿ ಎಡಕ್ಕೆ. ತಲೆ ವಾಲಿಸಿದ್ರೆ ನಿಲ್ತದೆ. ಚುಕ್ಕಿ ಸಿಗ್ಲಿಲ್ಲ. ಇದ್ದ ಗೆರೆನಾದ್ರೂ ತೂಕಕ್ಕಿರ್ಲಿ ಅಂತ ವಾಲಿಸ್ತೀನಿ. ಅಷ್ಟೇ. ಭಕ್ತಿ ಗಿಕ್ತಿ ಏನಿಲ್ಲ.”

“ಎಡಗಣ್ಣು ಇದೆಯಲ್ರೀ ಇನ್ನೂ.”

ನನ್ನ ಮುಖ ನೋಡಿದರು. “ಅದನ್ನೇ ನಾನೂ ಯೋಚ್ನೆ ಮಾಡ್ತಿದ್ದೆ.”

ಫೆಬ್ರವರಿಯಲ್ಲಿ ಹೋದೆವು. ಈ ಸಲ ಮಗಳನ್ನು ಕರೆಯಲಿಲ್ಲ. ಡಾಕ್ಟರ ಎದುರು ನಾನೇ ಎಲ್ಲ ಹೇಳಿದೆ. ಬಟ್ಟೆಯನ್ನೂ ತೋರಿಸಿದೆ.

“ಅವತ್ತೇ ಹೇಳ್ಬಾರದಿತ್ತಾ ಅಮ್ಮಾ?”

“ನೀವು ಅವತ್ತೇ ಎಬ್ಬಿಸಿ ಕೂರಿಸ್ಬಾರದಿತ್ತಾ ಸಾರ್?”

ಅವರು ಮೇಜಿನ ಮೇಲಿನ ಪೆನ್ನು ತೆಗೆದು ಮತ್ತೆ ಇಟ್ಟರು. ಬಲಗಣ್ಣಿನದು ಈಗ ಅಂಟಿಕೊಂಡಿದೆ, ತಿರುಗಿಸಲು ಹೋದರೆ ಅಪಾಯ, ಕನ್ನಡಕದಲ್ಲಿ ತಕ್ಕಮಟ್ಟಿಗೆ ಸರಿಯಾಗುತ್ತದೆ ಅಂದರು. ಎಡಗಣ್ಣಿಗೆ ನಾನೇ ಕೂತು ಗುರುತು ಹಾಕುತ್ತೇನೆ, ಹಾಕಿದ ಕೂಡಲೇ ಒಳಗೆ ಕರಕೊಳ್ಳುತ್ತೇನೆ ಅಂದರು. ಮಾರ್ಚಿ ಕೊನೆಗೆ ದಿನ ಕೊಟ್ಟರು. ಕನ್ನಡಕ ಎರಡೂ ಕಣ್ಣಾದ ಮೇಲೆ ಒಟ್ಟಿಗೆ ಮಾಡಿಸೋಣ ಅಂತ ಇವರು ಹೇಳಿದರು.

ಹೊರಗೆ ಬಂದು ಜೋಳದ ತೆನೆ ಕೊಡಿಸಿದರು. “ಅವತ್ತು ಐದಕ್ಕೇ ಏಳಬೇಕು ಪಾರವ್ವ. ಪೂಜೆ ಮನೇಲೇ ಮುಗೀಬೇಕು. ವಿಭೂತಿ ಹಚ್ಚಿ ಪೂಜೆ ಮಾಡಿ, ಆಮೇಲೆ ಒರೆಸಿ ಹೊರಡೋದು. ಇಷ್ಟು ಸುಲಭ ಇತ್ತಲ್ಲೇ. ಇದು ಆವತ್ತು ಯಾಕೆ ಹೊಳೀಲಿಲ್ಲ?”

ಮಾರ್ಚಿ ಮೊದಲಲ್ಲಿ ಶಿವರಾತ್ರಿ. ಮಗಳು ಬಂದು, ಪೂಜೆಗೆ ಕೂತವರ ಫೋಟೋ ಹೊಡೆಸಿದಳು. ಕಾರ್ಡಿನಲ್ಲಿರುವುದು ಅದೇ. ದಿನ ಹತ್ತಿರ ಬಂದಹಾಗೆ ಇವರಿಗೆ ಮಕ್ಕಳ ಹಾಗೆ ಸಂಭ್ರಮ. “ಗುಂಡಗೆ ಅಂದ್ರೆ ಹೆಂಗೆ ಗುಂಡಗೆ ಕಣೇ? ಅಂಚು ಇರ್ತದಾ?” ಅಂತ ಕೇಳೋರು. ನೀವೇ ನೋಡ್ತೀರಲ್ಲ ಬಿಡಿ ಅನ್ನುತ್ತಿದ್ದೆ. ಆಗಲೇ ಹೇಳಿಬಿಡಬೇಕಿತ್ತು.

ಕೊಟ್ಟ ದಿನಕ್ಕೆ ಹನ್ನೊಂದು ದಿನ ಇತ್ತು. ಬೆಳಿಗ್ಗೆ ಕೆಂಗೇರಿ ಕಡೆ ಕೆಲಸಕ್ಕೆ ಹೊರಟವರು ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಹೊಸಿಲ ಮೇಲೆ ಕೂತರು. ಆಟೋ ಬರುವಷ್ಟರಲ್ಲಿ ಜೀವ ಹೋಗಿತ್ತು. ಕಣ್ಣಿಗೂ ಎದೆಗೂ ಸಂಬಂಧವಿಲ್ಲ ಅಂತ ಎಲ್ಲರೂ ಹೇಳಿದರು. ಇಲ್ಲ. ನಾನೂ ಇದೆ ಅನ್ನುವುದಿಲ್ಲ. ಹನ್ನೊಂದು ದಿನ ಇತ್ತು ಅನ್ನುತ್ತೇನೆ, ಅಷ್ಟೇ.

ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡುತ್ತಾರೆ. ಮಾಗಡಿ ರೋಡಿನ ಕಡೆಯ ರುದ್ರಭೂಮಿಗೆ ಒಯ್ದರು. ಗುಂಡಿಯೊಳಗೆ ಗೂಡು ತೆಗೆದು ಇವರನ್ನು ಚಕ್ಕಳಮಕ್ಕಳ ಕೂರಿಸಿದರು. ಮಠದ ರೇವಣಸಿದ್ದಯ್ಯ ಸ್ವಾಮಿಗಳು ಮಂತ್ರ ಹೇಳಿ, ಕೊರಳಿನ ಲಿಂಗ ತೆಗೆಸಿ ಎಡ ಅಂಗೈಯಲ್ಲಿ ಇಡಿಸಿದರು. ಲಿಂಗ ಕಣ್ಣಿನ ಎದುರಿಗೆ ಬರಬೇಕು. ಅದನ್ನು ನೋಡುತ್ತಲೇ ಒಂದಾಗಬೇಕು ಅನ್ನುವುದು ನಮ್ಮ ಪದ್ಧತಿ.

ತಲೆ ತಾನಾಗಿ ಬಲಕ್ಕೆ ವಾಲಿತ್ತು.

“ತಲೆ ನೆಟ್ಟಗೆ ಮಾಡಪ್ಪ” ಅಂದರು ಸ್ವಾಮಿಗಳು.

ಗುಂಡಿಗೆ ಇಳಿದಿದ್ದವನು ಫಕೀರೇಶ. ಎರಡೂ ಕೈಯಲ್ಲಿ ಇವರ ತಲೆ ಹಿಡಿದ.

“ಬೇಡ ಸ್ವಾಮಿ” ಅಂದೆ. “ಹಾಗೇ ಇರಲಿ. ವಾರೆನೇ ಇರಲಿ.”

“ಯಾಕವ್ವಾ?”

“ನೆಟ್ಟಗೆ ಮಾಡಿದ್ರೆ ಅವರಿಗೆ ಗೆರೆ ವಾರೆ ಆಗ್ತದೆ.”

ಸ್ವಾಮಿಗಳಿಗೆ ತಿಳಿಯಲಿಲ್ಲ. ಯಾರಿಗೂ ತಿಳಿಯಲಿಲ್ಲ. ಮಗಳು ನನ್ನ ತೋಳು ಹಿಡಿದು, “ಅಮ್ಮಾ, ಬಾ ಈಚೆ” ಅಂತ ಎಳೆದಳು. ದುಃಖದಲ್ಲಿ ಏನೋ ಅಂತಾಳೆ ಅಂದಳು ಯಾರೋ ಹೆಂಗಸು. ವಿಷಯ ಪೂರ್ತಿ ಹೇಳಬೇಕೆಂದರೆ ಲಿಂಗದಿಂದ ಶುರು ಮಾಡಬೇಕು, ನೀರಿನ ಬಾಟ್ಲಿಯಿಂದ ಶುರು ಮಾಡಬೇಕು. ಐವತ್ತು ಜನ ನಿಂತಿದ್ದರು. ಬಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ಬಾರದ ಬಾಯಿ ಅಲ್ಲೂ ಬರಲಿಲ್ಲ.

ಫಕೀರೇಶ ಅಳುತ್ತಾ ತಲೆ ನೆಟ್ಟಗೆ ಮಾಡಿದ. ಮತ್ತೆ ವಾಲಬಾರದು ಅಂತ ಕಿವಿಯ ಪಕ್ಕಕ್ಕೆ ಎರಡು ವಿಭೂತಿ ಗಟ್ಟಿ ಒತ್ತಿ ಇಟ್ಟ. ಒಂದು ಕಣ್ಣು ಮುಚ್ಚಿ, ಗೋಡೆ ನೋಡುವ ಹಾಗೆ, ಹಣೆಯಿಂದ ಅಂಗೈಯವರೆಗೆ ನೋಡಿದ. ಆಮೇಲೆ ತಲೆ ಎತ್ತಿ ನನಗೆ ಹೇಳಿದ:

“ಮೇಸ್ತ್ರಿ ತೂಕಕ್ಕದಾರ ವೈನಿ.”

ಮಣ್ಣು ಹಾಕಿದರು.